ಶಾಫ್ಟ್ ರಸ್ತೆಗೆ ಒಂದನೇ ನಂಬರು

ಎಲ್ರಾಯ್ ಕಿವೆಲಾನ ಹತ್ತಿರ ಅವನು ಬೇಸಿಗೆಯಲ್ಲೂ ಬಿಚ್ಚದ ಒಂದು ನೀಲಿ ಜಾಕೀಟಿತ್ತು. ಅದರ ಎದೆಯ ಮೇಲೆ ಭಾರಿ ಡೇಟಾಬೇಸ್ ಕಂಪನಿಯೊಂದರ ಹೆಸರನ್ನು ದಾರದಲ್ಲಿ ಹೊಲಿದಿದ್ದರು. ಆ ಕಂಪನಿ ಡೆಟ್ರಾಯಿಟಿನಲ್ಲಿ ಎರಡು ದಿನದ ಸಮ್ಮೇಳನ ನಡೆಸಿದಾಗ ಬಾಗಿಲು ದಾಟಿದವರಿಗೆಲ್ಲ ಅಂಥದೊಂದನ್ನು ಹಂಚಿತ್ತು. ಪುಕ್ಕಟೆ ಊಟಕ್ಕೆಂದು ನುಗ್ಗಿದ ಇಬ್ಬರು ಟ್ಯಾಕ್ಸಿ ಡ್ರೈವರುಗಳಿಗೂ ಸಿಕ್ಕಿತ್ತು. ಎಲ್ರಾಯ್ ಮಾತ್ರ ಅದನ್ನು ಯುದ್ಧದಲ್ಲಿ ಗೆದ್ದು ತಂದವನ ಹಾಗೆ ತೊಡುತ್ತಿದ್ದ.

ಅವನು ಕಾಪರ್ ಫೋರ್ಕ್ ಟೌನ್‌ಶಿಪ್ಪಿನ ಗುಮಾಸ್ತ. ಮಿಷಿಗನ್ನಿನ ಉತ್ತರದ ತುದಿಯಲ್ಲಿರುವ ಆ ಊರಿನಲ್ಲಿ ತಾಮ್ರದ ಗಣಿಗಳು ಮುಚ್ಚಿದ ಮೇಲೆ ಉಳಿದಿದ್ದು ಒಂಬೈನೂರು ಜನ, ಅರವತ್ತೊಂದು ರಸ್ತೆ ಮತ್ತು ಹಿಮ. ಹಿಮ ಬಾಚುವ ಲಾರಿ ಒಂದೇ ಒಂದು. ಅದನ್ನು ಓಡಿಸುವವಳೂ ಒಬ್ಬಳೇ, ಅರವತ್ತಮೂರು ವರ್ಷದ ಆಯ್ಲಿ ಟೊರ್ವಿನೆನ್. ಯಾವ ರಸ್ತೆಯನ್ನು ಮೊದಲು ಬಾಚಬೇಕು ಎಂಬುದೇ ಆ ಊರಿನ ರಾಜಕೀಯ. ಅದನ್ನು ನ್ಯಾಯವಾಗಿ ತೀರ್ಮಾನಿಸಲು ಹನ್ನೊಂದು ಚಳಿಗಾಲದ ಹಿಂದೆ ಎಲ್ರಾಯ್ ಒಂದು ಡೇಟಾಬೇಸ್ ಕೊಡಿಸಿದ್ದ. ಬ್ಯಾಂಕುಗಳು, ವಿಮಾನ ಕಂಪನಿಗಳು ಕೋಟಿಗಟ್ಟಲೆ ಗಿರಾಕಿಗಳ ವಿವರ ತುಂಬಿಡಲು ಕೊಳ್ಳುವಂಥದ್ದು. ಎಲ್ರಾಯ್ ಅದರಲ್ಲಿ ಅರವತ್ತೊಂದು ರಸ್ತೆಗಳನ್ನು ತುಂಬಿಟ್ಟಿದ್ದ.

ಒಂದು ಕೋಷ್ಟಕದಲ್ಲಿ ರಸ್ತೆಗಳು. ಇನ್ನೊಂದರಲ್ಲಿ ಅಲ್ಲಿರುವ ಮನೆಗಳು. ಮೂರನೆಯದರಲ್ಲಿ ಯಾವ ಮನೆಯಲ್ಲಿ ನರ್ಸ್ ಇದ್ದಾಳೆ, ಎಲ್ಲಿ ಸ್ಕೂಲ್ ಬಸ್ ತಿರುಗುತ್ತದೆ, ಎಲ್ಲಿ ಇಳಿಜಾರಿದೆ ಎಂಬುದು. ಡೇಟಾಬೇಸು ಈ ಮೂರನ್ನೂ ಗಂಟುಹಾಕಿ, ಪ್ರತಿ ಬೆಳಗಿನ ಜಾವ ನಾಲ್ಕೂಇಪ್ಪತ್ತಕ್ಕೆ, ಒಂದರಿಂದ ಅರವತ್ತೊಂದರವರೆಗೆ ಕ್ರಮ ಹಾಕಿದ ಪಟ್ಟಿಯೊಂದನ್ನು ಆಯ್ಲಿಯ ಲಾರಿ ಶೆಡ್ಡಿನ ಪ್ರಿಂಟರಿನಲ್ಲಿ ಮುದ್ರಿಸುತ್ತಿತ್ತು. ಎಲ್ರಾಯ್ ಆ ಪಟ್ಟಿಯನ್ನು ಒಂದು ದಿನವೂ ಓದಿರಲಿಲ್ಲ. ತಾನು ಮಾಡಿದ ಅಡುಗೆಯನ್ನು ತಾನೇ ರುಚಿ ನೋಡುವುದು ಅವಮಾನವೆಂದು ತಿಳಿದ ಅಡುಗೆಯವನ ಜಾತಿ ಅವನದು.

ನವೆಂಬರ್ ಹದಿನಾರರ ಬೆಳಗ್ಗೆ ರೂಡಿ ಸ್ಪೆಹಾರ್ ಕಚೇರಿಯ ಬಾಗಿಲನ್ನು ಬೂಟಿನಿಂದ ತಳ್ಳಿಕೊಂಡು ಒಳಗೆ ಬಂದ. ರೂಡಿ ಎಲ್ರಾಯ್‌ನ ಹಿತ್ತಲಿನಾಚೆಯ ಸ್ಟ್ಯಾಂಪ್‌ಮಿಲ್ ರಸ್ತೆಯವನು. ಹದಿನೈದನೇ ತಾರೀಕು ಜಿಂಕೆ ಬೇಟೆ ಶುರುವಾಗುವ ದಿನ. ಆ ಬೆಳಗ್ಗೆ ಕಾಡಿನಲ್ಲಿ ಇಲ್ಲದವನನ್ನು ಆ ಊರು ಕಾಯಿಲೆಯವನೆಂದೋ ಪಾದ್ರಿಯೆಂದೋ ತಿಳಿಯುತ್ತದೆ.

"ಲೋ ಎಲ್ರಾಯ್, ನಿನ್ನೆ ನಾನೆಲ್ಲಿದ್ದೆ ಗೊತ್ತೇನೋ?"

"ಕಾಡಲ್ಲಿ."

"ಮನೇಲಿ! ಸೊಂಟದ ತನಕ ಹಿಮ, ಅದರೊಳಗೆ ನನ್ನ ಗಾಡಿ. ಹತ್ತು ಗಂಟೆವರೆಗೂ ಕಿಟಕೀಲಿ ಕೂತು ಬಂದೂಕು ಒರೆಸ್ತಾ ಇದ್ದೆ. ಅಕ್ಟೋಬರ್ ಪೂರ್ತಿ ನಾನು ಕಣ್ಣಿಟ್ಟಿದ್ದ, ಕೊಂಬಲ್ಲಿ ಎಂಟು ಕವಲಿನ ಗಂಡು ಜಿಂಕೆ, ಯಾವನೋ ಹೊಡೆದುಬಿಟ್ಟ. ಹಿಮದಲ್ಲಿ ರಕ್ತ ಮಾತ್ರ ನೋಡಿ ಬಂದೆ."

"ಅಯ್ಯೋ ಪಾಪ."

"ಪಾಪ ಅನ್ನಬೇಡ. ಕಿಟಕೀಲಿ ಕೂತೋನಿಗೆ ಇನ್ನೇನು ಕಾಣುತ್ತೆ? ನಿನ್ನ ರಸ್ತೆ ಕಾಣುತ್ತೆ. ಶಾಫ್ಟ್ ರಸ್ತೆ! ಎರಡು ಮನೆ, ಅದರಲ್ಲಿ ಒಂದು ಖಾಲಿ. ನಾಲ್ಕೂವರೆಗೆಲ್ಲ ನೆಲ ಕಾಣೋ ಹಾಗೆ ಬಾಚಿತ್ತು. ಇವತ್ತೂ ಹಾಗೇನೆ. ಏನಪ್ಪಾ ಸಮಾಚಾರ?"

ಎಲ್ರಾಯ್ ನಕ್ಕ. ಜಾಕೀಟಿನ ಕಾಲರು ಸರಿಮಾಡಿಕೊಂಡ. "ರೂಡಿ, ಮನುಷ್ಯರಾದರೆ ಪಕ್ಷಪಾತ ಮಾಡ್ತಾರೆ. ಇದು ಡೇಟಾಬೇಸು. ನನ್ನ ರಸ್ತೆಗೆ ಐವತ್ತೆಂಟನೇ ನಂಬರು, ನಾನೇ ಕೈಯಾರೆ ಕೊಟ್ಟಿದ್ದು. ಇಲ್ಲಿ ನೋಡು."

ಅವನು ಪರದೆಯನ್ನು ಗೆಳೆಯನ ಕಡೆ ತಿರುಗಿಸಿದ. ಶಾಫ್ಟ್ ರಸ್ತೆಯ ಮುಂದೆ ಒಂದು ಎಂದಿತ್ತು.

ರೂಡಿ ಬಹಳ ಹೊತ್ತು ಪರದೆ ನೋಡಿದ. ಆಮೇಲೆ ಜಾಕೀಟು ನೋಡಿದ. ಏನೂ ಹೇಳದೆ ಹೊರಟುಹೋದ. ರೂಡಿ ಏನೂ ಹೇಳದೆ ಹೋಗುವುದೆಂದರೆ ಊರಿಗೆಲ್ಲ ಹೇಳಲು ಹೋಗುವುದೆಂದೇ ಅರ್ಥ.

ಎಲ್ರಾಯ್ ಒಂದನ್ನು ಅಳಿಸಿ ಐವತ್ತೆಂಟು ಬರೆದ. ಮರುದಿನ ಬೆಳಗ್ಗೆ ಬಂದು ನೋಡಿದರೆ ಮತ್ತೆ ಒಂದು. ಮತ್ತೆ ಅಳಿಸಿದ. ಮೂರನೇ ದಿನವೂ ಒಂದು. ಸಾಮಾನ್ಯ ಮನುಷ್ಯನಾಗಿದ್ದರೆ ತಾನೇನಾದರೂ ತಪ್ಪು ಮಾಡಿದ್ದೇನೆಯೇ ಎಂದು ಯೋಚಿಸುತ್ತಿದ್ದ. ಎಲ್ರಾಯ್ ಸಮ್ಮೇಳನಕ್ಕೆ ಹೋಗಿ ಬಂದವನು. ಯಾರೋ ತನ್ನ ಹೆಸರು ಕೆಡಿಸಲು ಸಂಚು ಹೂಡಿದ್ದಾರೆ ಎಂದು ಅವನಿಗೆ ಕೂಡಲೇ ಹೊಳೆಯಿತು.

ಅನುಮಾನ ಮನೆಯಿಂದಲೇ ಶುರುವಾಯಿತು. ಅವನ ಹೆಂಡತಿ ಡೆಲ್ಫೀನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು, ಐದೂವರೆಗೆಲ್ಲ ಅಲ್ಲಿರಬೇಕು. ರಸ್ತೆ ಬೇಗ ಬಾಚಿದರೆ ಲಾಭ ಯಾರಿಗೆ? ಜೊತೆಗೆ ಇನ್ನೊಂದು ಹಳೆಯ ಸಂಗತಿ. ಡೆಲ್ಫೀನ್ ದಿನವೂ ಏಲಕ್ಕಿ ಹಾಕಿದ ಪುಲ್ಲ ಬ್ರೆಡ್ಡು ಸುಡುತ್ತಿದ್ದಳು. ಅದು ಎಲ್ರಾಯ್‌ನ ತಟ್ಟೆಗೆ ಬರುವ ಹೊತ್ತಿಗೆ ಅದರ ಒಂದು ತುದಿ ಯಾವಾಗಲೂ ಇರುತ್ತಿರಲಿಲ್ಲ. ಪುಲ್ಲದಲ್ಲಿ ಸಕ್ಕರೆ ಹೆಚ್ಚು ಕೂತಿರುವುದೇ ತುದಿಯಲ್ಲಿ. ಹನ್ನೊಂದು ವರ್ಷದಿಂದ ಅವನು ಇದನ್ನು ಗಮನಿಸಿದ್ದ, ಮರ್ಯಾದೆಗೆ ಸುಮ್ಮನಿದ್ದ. ಇಂಥವಳು ಯಾವುದಕ್ಕೂ ಹೇಸುವವಳಲ್ಲ ಎಂದು ಈಗ ಅನಿಸಿತು.

"ಡೆಲ್ಫೀನ್, ನನ್ನ ಪಾಸ್‌ವರ್ಡು ನಿನಗೆ ಗೊತ್ತಾ?"

"ನಿನ್ನ ನಾಯಿ ಹೆಸರು."

"ಯಾರು ಹೇಳಿದ್ದು?"

"ನಾಯಿ ಸತ್ತಾಗ ನೀನೇ ಅತ್ತುಕೊಂಡು ಹೇಳಿದ್ದು, ದಿನಾ ಬೆಳಗ್ಗೆ ಇದನ್ನ ಟೈಪ್ ಮಾಡೋವಾಗ ಕರುಳು ಕಿತ್ತು ಬರುತ್ತೆ ಅಂತ. ನನಗೆ ಅದನ್ನ ಕಟ್ಕೊಂಡು ಏನಾಗಬೇಕು? ನಾನೇನು ಡೇಟಾಬೇಸಲ್ಲಿ ಹುರುಳಿಕಾಯಿ ಬೇಯಿಸ್ತೀನಾ?"

ಎಲ್ರಾಯ್ ಪಾಸ್‌ವರ್ಡು ಬದಲಾಯಿಸಿದ. ಆದರೂ ಒಂದು ಎಂಬ ಅಂಕಿ ಬಿಟ್ಟುಹೋಗಲಿಲ್ಲ. ಇನ್ನೊಮ್ಮೆ ಬದಲಾಯಿಸಿ ಚೀಟಿಯನ್ನು ಜಾಕೀಟಿನ ಒಳಜೇಬಿನಲ್ಲಿಟ್ಟು ಜಾಕೀಟು ತೊಟ್ಟೇ ಮಲಗಿದ. ಬೆಳಗ್ಗೆ ಮತ್ತೆ ಒಂದು.

ಇಷ್ಟರಲ್ಲಿ ಊರು ತನ್ನ ತನಿಖೆ ಆರಂಭಿಸಿತ್ತು. ರೂಡಿ ಅಳತೆ ಕೋಲು ಹಿಡಿದು ಎರಡೂ ರಸ್ತೆಗಳ ಹಿಮವನ್ನು ಬೆಳಗ್ಗೆ ಐದಕ್ಕೆ, ಆರಕ್ಕೆ, ಏಳಕ್ಕೆ ಅಳೆದು, ಅಂಚೆ ಕಚೇರಿಯ ಹಲಗೆಯ ಮೇಲೆ ಅಂಟಿಸುತ್ತಿದ್ದ. ಯಾರೋ ಶಾಫ್ಟ್ ರಸ್ತೆಯ ಬಾಯಿಗೆ 'ರಾಜಮಾರ್ಗ' ಎಂದು ಬರೆದ ಹಲಗೆ ನೆಟ್ಟರು. ಶನಿವಾರ ಫಿನ್ನಿಷ್ ವಲಸಿಗರ ಭವನದ ಸೌನಾ ಎಂಬ ಬೆವರುಗೋಣೆಯಲ್ಲಿ ಬಿಸಿಕಲ್ಲುಗಳ ಸುತ್ತ ಆರು ಗಂಡಸರು ಬೆವರುತ್ತಿದ್ದವರು, ಎಲ್ರಾಯ್ ಒಳಗೆ ಬಂದದ್ದೇ ತಡ, ಒಬ್ಬರ ಹಿಂದೆ ಒಬ್ಬರು ಎದ್ದರು. ಆ ಚಳಿಯಲ್ಲಿ ಬರೀಮೈಯ ಗಂಡಸರು ಹಿಮದಲ್ಲಿ ನಿಂತು ನಡುಗುವುದೇ ಮೇಲು ಎಂದುಕೊಂಡರು ಅಂದರೆ ಮಾತು ಎಲ್ಲಿಗೆ ಮುಟ್ಟಿತ್ತೆಂದು ಯಾರಾದರೂ ಊಹಿಸಬಹುದು.

ಟೌನ್‌ಶಿಪ್ಪಿನ ಅಧ್ಯಕ್ಷ ಮರ್ಲ್ ಟ್ರೆವಾರೊ ಕೈಯಲ್ಲಿ ಅರ್ಧ ಕಚ್ಚಿದ ಪಾಸ್ಟಿ ಎಂಬ ಮಾಂಸದ ಕಡುಬು ಹಿಡಿದುಕೊಂಡೇ ಅವನ ಮೇಜಿನ ಹತ್ತಿರ ಬಂದ.

"ಎಲ್ರಾಯ್, ಡಿಸೆಂಬರ್ ಒಂದಕ್ಕೆ ಊರಸಭೆ. ಡೇಟಾಬೇಸಿನ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಸಬೇಕಾ ಬೇಡ್ವಾ ಅಂತ ಮತಕ್ಕೆ ಹಾಕಬೇಕು. ಜನ ನಿನ್ನ ಮೇಲೆ ಕತ್ತಿ ಮಸೀತಿದಾರೆ. ನಿಜ ಹೇಳಿಬಿಡು, ನೀನೇನಾ?"

"ಮರ್ಲ್, ನಿಮ್ಮ ರಸ್ತೆಗೆ ಎಷ್ಟನೇ ನಂಬರು?"

"ಮೂರು. ಯಾಕೆ?"

"ಸುಮ್ನೆ ಕೇಳಿದೆ," ಎಂದ ಎಲ್ರಾಯ್, ಕಣ್ಣು ಕಿರಿದು ಮಾಡಿ. ಅಧ್ಯಕ್ಷರೂ ಅನುಮಾನದ ಪಟ್ಟಿ ಸೇರಿದರು.

ಕೊನೆಗೆ ಅವನು ಡೇಟಾಬೇಸ್ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದ. ಆ ಕಡೆಯ ಹುಡುಗಿ ಬಹಳ ವಿನಯದಿಂದ ಕೇಳಿಸಿಕೊಂಡಳು. "ಕಾವಲು ದಾಖಲೆ ಆನ್ ಮಾಡಿ ಸಾರ್. ಯಾವ ಸಾಲನ್ನ ಯಾರು, ಯಾವ ಹೊತ್ತಲ್ಲಿ, ಯಾವ ಕೆಲಸದ ಮೂಲಕ ಮುಟ್ಟಿದ್ರು ಅಂತ ಬರೆದಿಡುತ್ತೆ. ನೀವೇ ಅಳಿಸ್ತೀನಿ ಅಂದ್ರೂ ಅಳಿಸೋಕಾಗಲ್ಲ. ಅಂದ ಹಾಗೆ ಸಾರ್, ನಿಮ್ಮ ಸರ್ವರಲ್ಲಿ ಈಗ ಎಷ್ಟು ಪ್ರೊಸೆಸರ್ ಇದೆ?"

ಎಲ್ರಾಯ್ ಫೋನು ಕುಕ್ಕಿದ. ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತು, ಕಂಪನಿಯವರು ಪ್ರೊಸೆಸರ್ ಎಷ್ಟಿದೆ ಎಂದು ಕೇಳುವುದು ಕುಶಲ ವಿಚಾರಿಸಲಿಕ್ಕಲ್ಲ, ಒಂದೊಂದಕ್ಕೆ ಇಷ್ಟೆಂದು ಶುಲ್ಕ ಏರಿಸಲಿಕ್ಕೆ. ಕಂಪನಿಯೂ ಪಟ್ಟಿ ಸೇರಿತು.

ಆದರೆ ಕಾವಲು ದಾಖಲೆ ಆನ್ ಆಯಿತು. ಎಲ್ರಾಯ್ ಅದನ್ನು ತೆರೆದು ನೋಡಲಿಲ್ಲ. ತಾನು ಮೊದಲೇ ನೋಡಿ ತಿದ್ದಿದ ಎಂದು ನಾಳೆ ಯಾರೂ ಅನ್ನಬಾರದು. ದಾಖಲೆ ತೆರೆಯುವ ಪಾಸ್‌ವರ್ಡನ್ನು ಮರ್ಲ್‌ನ ಕೈಯಿಂದಲೇ ಹಾಕಿಸಿ, ಲಕೋಟೆಗೆ ಅಂಟು ಹಚ್ಚಿಸಿ, ಅದರ ಮೇಲೆ ರೂಡಿಯ ಸಹಿ ಹಾಕಿಸಿ, ಆ ನಂಬರನ್ನು ಮತ್ತೆ ಮುಟ್ಟದೆ ಹತ್ತು ದಿನ ಎದೆ ಸೆಟೆದು ಓಡಾಡಿದ.

ಡಿಸೆಂಬರ್ ಒಂದರ ಸಂಜೆ ಸಭಾಂಗಣ ತುಂಬಿ, ಒದ್ದೆ ಉಣ್ಣೆಯ ವಾಸನೆ ಹೊಡೆಯುತ್ತಿತ್ತು. ಮೇಜಿನ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಪ್ರಿಂಟರು. ಹಿಂದಿನ ಸಾಲಿನಲ್ಲಿ ಆಯ್ಲಿ ಟೊರ್ವಿನೆನ್ ಕಾಲ್ಚೀಲ ಹೆಣೆಯುತ್ತಿದ್ದಳು. ಎಲ್ರಾಯ್ ಎದ್ದು ನಿಂತ.

"ಹನ್ನೊಂದು ವರ್ಷ ಈ ಡೇಟಾಬೇಸನ್ನ ಹೆತ್ತ ಮಗು ಥರ ನೋಡ್ಕೊಂಡಿದೀನಿ. ನಮ್ಮೂರಲ್ಲಿ ನ್ಯಾಯ ಅಂತ ಒಂದಿದ್ರೆ ಅದು ಇದರೊಳಗಿದೆ. ಯಾವನೋ ಇದರೊಳಗೆ ಕೈ ಹಾಕಿದಾನೆ. ಅವನ ಹೆಸರು ಈಗ ಈ ಕಾಗದದ ಮೇಲೆ ಬರುತ್ತೆ. ಯಾರ ಹೆಸರೇ ಬರಲಿ, ಎಷ್ಟೇ ದೊಡ್ಡವರಾಗಿರಲಿ," ಇಲ್ಲಿ ಅವನು ಮರ್ಲ್ ಕಡೆ ನೋಡಿದ, "ಎಷ್ಟೇ ಹತ್ತಿರದವರಾಗಿರಲಿ," ಇಲ್ಲಿ ಡೆಲ್ಫೀನ್ ಕಡೆ ನೋಡಿದ, "ಅವರು ಈ ಕ್ಷಣದಿಂದ ಟೌನ್‌ಶಿಪ್ಪಿನ ಕೆಲಸದಲ್ಲಿ ಇರಬಾರದು. ಇದನ್ನ ಬರ್ಕೊಳ್ಳಿ."

"ನಾನು ಟೌನ್‌ಶಿಪ್ಪಿನ ಕೆಲಸದಲ್ಲಿ ಇಲ್ವೇ ಇಲ್ಲ," ಎಂದಳು ಡೆಲ್ಫೀನ್.

"ನಿರ್ಣಯಕ್ಕೆ ನನ್ನ ಬೆಂಬಲ!" ಎಂದು ಕೂಗಿದ ರೂಡಿ.

ಎಲ್ಲರೂ ಕೈಯೆತ್ತಿದರು. ಬರೆದುಕೊಂಡದ್ದಾಯಿತು. ಲಕೋಟೆ ಒಡೆದರು. ರೂಡಿ ಒಂದೇ ಬೆರಳಿನಲ್ಲಿ ಪಾಸ್‌ವರ್ಡು ಕುಟ್ಟಿ ಮುದ್ರಿಸುವ ಗುಂಡಿ ಒತ್ತಿದ. ಪ್ರಿಂಟರು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಒಂದು ಹಾಳೆ ಉಗುಳಿತು. ರೂಡಿ ಕನ್ನಡಕ ಏರಿಸಿ ಓದಿದ.

"ಶಾಫ್ಟ್ ರಸ್ತೆ. ಐವತ್ತೆಂಟರಿಂದ ಒಂದು. ಬೆಳಗಿನ ಜಾವ ನಾಲ್ಕೂಹತ್ತು. ಬದಲಾಯಿಸಿದವರು... ಎಲ್ರಾಯ್ ಕಿವೆಲಾ."

ಸಭೆ ಗುಜುಗುಜು ಎಂದಿತು.

"ಮುಂದಿನ ಸಾಲು ಓದು," ಎಂದ ಎಲ್ರಾಯ್.

"ಕಿವೆಲಾ. ಅದರ ಮುಂದಿನದೂ ಕಿವೆಲಾ. ಹತ್ತು ದಿನ, ಹತ್ತು ಸಾಲು, ಹತ್ತೂ ಕಿವೆಲಾ. ಭಾನುವಾರಾನೂ ಬಿಟ್ಟಿಲ್ವಲ್ಲೋ ನೀನು!"

ಡೆಲ್ಫೀನ್ ಎದ್ದಳು. "ಬೆಳಗಿನ ಜಾವ ನಾಲ್ಕೂಹತ್ತಕ್ಕೆ ಈ ಮನುಷ್ಯ ಗರಗಸದ ಥರ ಗೊರಕೆ ಹೊಡೀತಿರ್ತಾನೆ. ಬೇಕಾದ್ರೆ ಬೈಬಲ್ ಮುಟ್ಟಿ ಹೇಳ್ತೀನಿ."

"ನಮ್ಮನೆಗೂ ಕೇಳಿಸುತ್ತೆ," ಎಂದ ರೂಡಿ, ಸತ್ಯ ಸತ್ಯವೇ ಆದ್ದರಿಂದ. "ಹಾಗಾದ್ರೆ ಯಾರಯ್ಯಾ ಇದು? ತಡಿ, ಕೊನೇಲಿ ಇನ್ನೊಂದಿದೆ. ಯಾವ ಕೆಲಸದ ಮೂಲಕ: 'ಎಲ್ರಾಯ್ ಪರೀಕ್ಷೆ. ಆಮೇಲೆ ಅಳಿಸಬೇಕು.'"

ಎಲ್ರಾಯ್‌ಗೆ ಕೂತಿದ್ದ ಕುರ್ಚಿ ಕೆಳಗಿಳಿದಂತಾಯಿತು. ಆಗ ಅವನು ನಿಂತಿದ್ದ ಎಂಬುದು ಬೇರೆ ಮಾತು. ಹನ್ನೊಂದು ಚಳಿಗಾಲದ ಹಿಂದೆ, ಡೇಟಾಬೇಸು ಬಂದ ಮೊದಲ ವಾರ, ನಂಬರು ತಾನಾಗಿ ಬದಲಾಗುತ್ತದೆಯೇ ನೋಡೋಣವೆಂದು ಅವನೊಂದು ಸಣ್ಣ ಕೆಲಸ ಹೊಂದಿಸಿದ್ದ. ದಿನಾ ನಾಲ್ಕೂಹತ್ತಕ್ಕೆ ಒಂದು ರಸ್ತೆಗೆ ಒಂದನೇ ನಂಬರು ಕೊಡು. ಪರೀಕ್ಷೆಗೆ ಬೇರೆಯವರ ರಸ್ತೆ ಯಾಕೆ ಎಂದು ತನ್ನದನ್ನೇ ಹಾಕಿದ್ದ. ಕೆಲಸ ಚೆನ್ನಾಗಿ ನಡೆಯಿತು. ಸಂತೋಷದಲ್ಲಿ ಕಾಫಿ ಕುಡಿಯಲು ಎದ್ದುಹೋಗಿದ್ದ. ಅಳಿಸುವ 'ಆಮೇಲೆ' ಇನ್ನೂ ಬಂದಿರಲಿಲ್ಲ. ಹೊಂದಿಸಿದ ಕೆಲಸಕ್ಕೆ ಪಾಸ್‌ವರ್ಡು ಕೇಳುವವರಿಲ್ಲ. ಹಾಗಾಗಿ ಅವನು ಒಳಜೇಬಿನ ಚೀಟಿಯನ್ನು ಎಷ್ಟು ಬಚ್ಚಿಟ್ಟರೂ ಅದು ತನ್ನ ಪಾಡಿಗೆ ನಡೆದಿತ್ತು.

ಇದನ್ನೆಲ್ಲ ಅವನು ತೊದಲುತ್ತ ವಿವರಿಸಿದ. ಊರಿಗೆ ಅರ್ಥವಾದದ್ದು ಇಷ್ಟೇ: ಹನ್ನೊಂದು ವರ್ಷ ಮೊದಲು ಬಾಚಿದ್ದು ಕಿವೆಲಾನ ರಸ್ತೆ, ಬಾಚಿಸಿದವನು ಕಿವೆಲಾ.

"ಅಂದ್ರೆ ಆ ಪಟ್ಟಿಯಿಂದಾನೇ ನನ್ನ ಜಿಂಕೆ ಹೋಯ್ತು," ಎಂದ ರೂಡಿ.

"ಯಾವ ಪಟ್ಟಿ?" ಹಿಂದಿನ ಸಾಲಿನಿಂದ ಆಯ್ಲಿ ಕೇಳಿದಳು.

ಎಲ್ಲರೂ ತಿರುಗಿದರು.

"ದಿನಾ ನಿನ್ನ ಶೆಡ್ಡಲ್ಲಿ ಪ್ರಿಂಟ್ ಆಗುತ್ತಲ್ಲ ಆಯ್ಲಿ, ಆ ಪಟ್ಟಿ," ಎಂದ ಮರ್ಲ್.

"ಓ, ಆ ಕಾಗದಾನಾ? ಒಳ್ಳೆ ದಪ್ಪ ಕಾಗದ. ಲಾರಿ ಕಿಟಕಿ ಸರಿಯಾಗಿ ಮುಚ್ಚಲ್ಲ, ಮಡಚಿ ಸಂದೀಲಿ ಸಿಗಿಸ್ತೀನಿ." ಅವಳ ಸೂಜಿ ನಿಲ್ಲಲಿಲ್ಲ. "ಅದರಲ್ಲೇನಾದ್ರೂ ಬರೆದಿರುತ್ತಾ?"

ಮರ್ಲ್ ಅವಳ ಕಡೆಗೆ ಎರಡು ಹೆಜ್ಜೆ ಇಟ್ಟ.

"ಹಾಗಾದ್ರೆ ಶಾಫ್ಟ್ ರಸ್ತೆ ಯಾಕೆ ಮೊದಲು ಬಾಚ್ತೀಯ?"

"ಡೆಲ್ಫೀನ್ ಅಂಚೆಪೆಟ್ಟಿಗೇಲಿ ಪುಲ್ಲ ಇಟ್ಟಿರ್ತಾಳೆ, ಬಿಸಿ ಬಿಸಿ. ತುದಿ ಕಡೇದು. ಅದನ್ನ ತಿಂದ್ಮೇಲೆ ಮಿಕ್ಕ ಕಡೆ. ಎಲ್ಲಿ ದೀಪ ಹತ್ತಿರುತ್ತೋ ಅಲ್ಲಿಗೆ ಮೊದಲು. ಎದ್ದವರಿಗೆ ತಾನೆ ರಸ್ತೆ ಬೇಕಾಗೋದು? ಇದಕ್ಕೆ ಕಂಪ್ಯೂಟರ್ ಯಾಕೆ?"

ಎಲ್ರಾಯ್ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

"ನಾನು ಐದೂವರೆಗೆ ಶಾಲೇಲಿರಬೇಕು," ಎಂದಳು ಡೆಲ್ಫೀನ್. "ನಿನ್ನ ಡೇಟಾಬೇಸ್ ನಂಬ್ಕೊಂಡು ಕೂತಿದ್ರೆ ಮಕ್ಕಳಿಗೆ ಉಪವಾಸ."

ರೂಡಿ ಮಾತ್ರ ತನ್ನ ದಾರಿ ಬಿಡಲಿಲ್ಲ. "ಹದಿನೈದನೇ ತಾರೀಕು ನಾನು ಮೂರು ಗಂಟೆಯಿಂದ ಎಲ್ಲಾ ದೀಪ ಹಾಕ್ಕೊಂಡು ಕೂತಿದ್ದೆನಲ್ಲ ಆಯ್ಲಿ. ಹತ್ತು ಗಂಟೆವರೆಗೂ ನೀನೆಲ್ಲಿ ಹೋಗಿದ್ದೆ?"

"ಹದಿನೈದನೇ ತಾರೀಕು ಎಲ್ಲರೂ ಎಲ್ಲಿಗೆ ಹೋಗ್ತಾರೋ ಅಲ್ಲಿಗೆ. ಪುಲ್ಲ ತಿಂದೆ, ಲಾರಿ ನಿಲ್ಲಿಸಿದೆ, ಕಾಡಿಗೆ ಹೋದೆ."

ರೂಡಿಯ ದನಿ ಸಣ್ಣಗಾಯಿತು. "ಏನಾದ್ರೂ... ಸಿಕ್ತಾ?"

"ಎಂಟು ಕವಲಿಂದು," ಎಂದಳು ಆಯ್ಲಿ.

ಹೆತ್ತವರನ್ನು ಮಣ್ಣು ಮಾಡಿದ ದಿನವೂ ರೂಡಿ ಸ್ಪೆಹಾರ್‌ನ ಮುಖ ಹಾಗಾಗಿರಲಿಲ್ಲ. ಅವನು ಬಾಯಿ ತೆರೆದ. ಇಡೀ ಸಭೆ ಅವನನ್ನು ನೋಡಿತು. ಹೊರಗೆ ಹಿಮ ಬೀಳುತ್ತಿತ್ತು. ಏಪ್ರಿಲ್‌ವರೆಗೆ ಬೀಳಲಿತ್ತು. ಲಾರಿ ಒಂದು, ಅದರ ಮುರುಕು ಗೇರು ಬಲ್ಲವಳು ಒಬ್ಬಳು. ಪಕ್ಕದವನು ರೂಡಿಯ ತೋಳು ಹಿಡಿದ. ರೂಡಿ ಬಾಯಿ ಮುಚ್ಚಿದ.

"ಅಭಿನಂದನೆ," ಎಂದ ಕೊನೆಗೆ.

ಮರ್ಲ್ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಎಲ್ರಾಯ್ ತಪ್ಪೇನೂ ಇಲ್ಲ ಅಂತಾಯ್ತು. ಪಟ್ಟಿಯನ್ನ ಯಾರೂ ಓದೇ ಇಲ್ಲ. ಎಲ್ರಾಯ್, ನೀನು ನಿರ್ದೋಷಿ ಕಣಪ್ಪಾ, ಕೆಲಸ ಉಳೀತು. ಯಾರೂ ಓದದ ಪಟ್ಟಿಗೆ ಡೇಟಾಬೇಸ್ ಯಾಕೆ? ಗುತ್ತಿಗೆ ರದ್ದು ಮಾಡೋದಕ್ಕೆ ಯಾರ್ಯಾರು..."

"ನಿಲ್ಲಿ!" ಎಂದ ಎಲ್ರಾಯ್.

ಅವನು ಕಂಪ್ಯೂಟರನ್ನು ನೋಡಿದ. ಮೂರು ಕೋಷ್ಟಕ, ಅವುಗಳ ನಡುವೆ ತಾನು ಹಾಕಿದ ಗಂಟುಗಳು, ಹನ್ನೊಂದು ವರ್ಷ. ಅದನ್ನೆಲ್ಲ ಮಡಚಿ ಕಿಟಕಿಯ ಸಂದಿಗೆ ಸಿಗಿಸಿದ್ದಾರೆ. ಎಲ್ರಾಯ್ ಜಾಕೀಟಿನ ಜಿಪ್ಪನ್ನು ಕೊರಳವರೆಗೆ ಎಳೆದುಕೊಂಡ.

"ಆಯ್ಲಿ ಪಾಪ, ನನ್ನ ಉಳಿಸೋಕೆ ಸುಳ್ಳು ಹೇಳ್ತಿದಾಳೆ. ಪಟ್ಟಿ ಓದ್ತಾಳೆ. ಅಕ್ಷರ ಅಕ್ಷರ ಓದ್ತಾಳೆ. ಡೇಟಾಬೇಸ್ ಹೇಳಿದ ಹಾಗೇನೆ ಊರು ನಡೀತಿರೋದು. ಮೋಸ ಮಾಡಿದ್ದು ನಾನು. ಬೇಕು ಬೇಕಂತಲೇ ಮಾಡಿದೆ. ರೂಡಿ, ನಿನ್ನ ಜಿಂಕೇನ ಕಳೆದದ್ದೂ ನಾನೇ."

ಆಯ್ಲಿ ಏನೋ ಹೇಳಹೋದಳು. ಆದರೆ ಊರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ನಾಲ್ಕು ತಿಂಗಳ ಹಿಮ ಮುಂದಿರುವಾಗ ಆಯ್ಲಿಯನ್ನು ತಪ್ಪಿತಸ್ಥಳು ಎನ್ನುವವರು ಯಾರು? ಗುಮಾಸ್ತನನ್ನಾದರೆ ಯಾವ ಹವೆಯಲ್ಲೂ ಅನ್ನಬಹುದು.

"ನಾನು ಮೊದಲೇ ಹೇಳಿದ್ದೆ, ಇವನೇ ಅಂತ!" ಎಂದು ರೂಡಿ ಮೇಜು ಗುದ್ದಿದ. ಅವನ ಮುಖಕ್ಕೆ ರಕ್ತ ಮರಳಿ ಬಂತು.

ಕಾರ್ಯಸೂಚಿಯ ಎಂಟನೇ ವಿಷಯವಾಗಿ ಡೇಟಾಬೇಸಿನ ಗುತ್ತಿಗೆ ಮುಂದುವರಿಯಿತು. ಇಷ್ಟು ವರ್ಷ ಮೋಸಕ್ಕೆ ಒದಗಿ ಬಂದದ್ದು ನ್ಯಾಯಕ್ಕೂ ಬಂದೀತು ಎಂದು ಜನ ಹೇಳಿದರು. ಒಂಬತ್ತನೆಯದಾಗಿ, ಅವನದೇ ನಿರ್ಣಯದಂತೆ ಎಲ್ರಾಯ್‌ನನ್ನು ತೆಗೆದುಹಾಕಿದರು. ಹತ್ತನೆಯದಾಗಿ, ಖಾಲಿಯಾದ ಹುದ್ದೆಗೆ ಡೇಟಾಬೇಸ್ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಮರ್ಲ್ ಕೇಳಿದಾಗ ಒಂದೇ ಒಂದು ಕೈ ಮೇಲೆದ್ದಿತು. ಅದು ನೀಲಿ ತೋಳಿನಲ್ಲಿತ್ತು. ಮೊದಲ ವರ್ಷ ಪರೀಕ್ಷಾರ್ಥ ನೇಮಕ, ರಜೆ ಇಲ್ಲ, ಶಾಫ್ಟ್ ರಸ್ತೆಗೆ ಅರವತ್ತೊಂದನೇ ನಂಬರು ಎಂಬ ಷರತ್ತಿನ ಮೇಲೆ ಕೊಟ್ಟರು.

ಮರುದಿನ ಎಲ್ರಾಯ್ ನಾಲ್ಕಕ್ಕೇ ಎದ್ದು ಕಿಟಕಿಯ ಪರದೆಯ ಹಿಂದೆ ನಿಂತ. ನಾಲ್ಕೂವರೆಗೆ ಲಾರಿ ಬಂತು. ಶಾಫ್ಟ್ ರಸ್ತೆಯನ್ನು ಈ ತುದಿಯಿಂದ ಆ ತುದಿಯವರೆಗೆ ಬಾಚಿ, ಅಂಚೆಪೆಟ್ಟಿಗೆಯ ಹತ್ತಿರ ನಿಂತಿತು. ಆಯ್ಲಿ ಕೈಚಾಚಿ ಪುಲ್ಲದ ತುದಿ ತೆಗೆದುಕೊಂಡು, ನಿಧಾನವಾಗಿ, ಸಕ್ಕರೆ ಸಮೇತ ತಿಂದಳು. ಆಮೇಲೆ ಕಿಟಕಿಯ ಸಂದಿಯಿಂದ ಪಟ್ಟಿಯನ್ನು ಎಳೆದು, ಬೆಣ್ಣೆ ಹತ್ತಿದ ಬೆರಳುಗಳನ್ನು ಅದಕ್ಕೆ ಒಂದೊಂದಾಗಿ ಒರೆಸಿಕೊಂಡು, ಮತ್ತೆ ಅಲ್ಲೇ ಸಿಗಿಸಿ ಹೊರಟುಹೋದಳು.

ಕಚೇರಿಯಲ್ಲಿ ಮರ್ಲ್ ಕಾಯುತ್ತಿದ್ದ. "ಏನಪ್ಪಾ ಎಲ್ರಾಯ್, ಸಭೆ ಮುಂದೆ ದೊಡ್ಡದಾಗಿ ಹೇಳಿದೀಯ. ನಿಜವಾಗ್ಲೂ ಆಯ್ಲಿ ಪಟ್ಟಿ ಬಳಸ್ತಾಳಾ?"

ಎಲ್ರಾಯ್ ಜಾಕೀಟಿನ ಕಾಲರು ಸರಿಮಾಡಿಕೊಂಡ.

"ಇವತ್ತು ಬೆಳಗ್ಗೇನೂ ಬಳಸಿದಳು. ಕಣ್ಣಾರೆ ಕಂಡೆ."